ಅಕ್ಕ ಇಲ್ಲದ ಹುಡುಗಿ ಹಾಕಿ ಆಡೋದು ಹೆಂಗೆ

ಹೋದ ಸಲ ಮಾವಿನಕಾಯಿ ಉಪ್ಪಿನಕಾಯಿ ಬಗ್ಗೆ ಬರೆದಾಗ ಕೊನೇಲಿ ಒಂದು ಮಾತು ಹೇಳಿದ್ದೆ, ನಮ್ಮ ತಮ್ಮನ ಮಗಳ ಪಿಯುಸಿ ಮುಗೀತು, ಇನ್ನು ಕಾಲೇಜು ನೋಡ್ಬೇಕು ಅಂತ. ಅವಳು ಹಾಕಿ ಆಡ್ತಾಳೆ ಅನ್ನೋದು ನಿಮ್ಗೆಲ್ಲಾ ಗೊತ್ತೇ ಐತೆ. ಅದಕ್ಕೆ ಬಂದ ಮಾತುಗಳು ಒಂದಾ ಎರಡಾ! "ಇನ್ನಾದ್ರೂ ಆ ಕೋಲು ಬಿಡಿಸ್ರಿ, ಬಿಸಿಲಿಗೆ ಮುಖ ಕಪ್ಪಿಟ್ಟು ಹೋಗೈತೆ" ಅಂತ ಒಬ್ರು. "ಕೋಟಾದಲ್ಲಿ ಸೀಟು ಪುಕ್ಕಟೆ ಸಿಗುತ್ತಂತಲ್ಲ, ನಮ್ಮ ಮೊಮ್ಮಗಳಿಗೂ ಕಲಿಸ್ಬಹುದಾ" ಅಂತ ಇನ್ನೊಬ್ರು. ಹಾಲಿನ ಡೈರಿ ಹತ್ರ ಸಿಕ್ಕ ಒಬ್ಬ ಅಜ್ಜಿ ಅಂತೂ "ಓಬವ್ವನ ಊರಲ್ಲಿ ಹುಟ್ಟಿ ಒನಕೆ ಬಿಟ್ಟು ಅದೇನೋ ಡೊಂಕು ಕೋಲು ಹಿಡಿದಾಳೆ" ಅಂದು ನಕ್ಕಳು. ಅಜ್ಜಿ ಮಾತಿಗೆ ನಾನೂ ನಕ್ಕೆ. ಆದ್ರೆ ಮೊದಲ ಎರಡು ಮಾತಿಗೆ ನಗ್ತಾ ಉತ್ತರ ಹೇಳೋಕೆ ಆಗಲ್ಲ. ಅದಕ್ಕೆ ಸ್ವಲ್ಪ ಹಳೇ ಕತೆ ಹೇಳ್ಬೇಕು.

ನಾನು ಪೇಪರ್ ಕತ್ತರಿಸಿ ಇಡೋಳು, ಅದೂ ನಿಮ್ಗೆ ಗೊತ್ತು. ರಂಗೋಲಿ, ಮನೆಮದ್ದು ಇಡ್ತಿದ್ದ ಪುಸ್ತಕದಲ್ಲಿ ಈಗ ಐದಾರು ವರ್ಷದಿಂದ ಹಾಕಿ ಸುದ್ದೀನೇ ಜಾಸ್ತಿ. ಅದರಲ್ಲಿ ಒಂದು ತುಂಡು 2022ರದ್ದು. ಆ ವರ್ಷ ಏಪ್ರಿಲ್ 24ರಿಂದ ಬೆಂಗಳೂರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೀತಿತ್ತು. ದೇಶದ ಯಾವ್ಯಾವ ಮೂಲೆಯಿಂದಲೋ ಕಾಲೇಜು ಹುಡುಗ ಹುಡುಗೀರು ಬಂದಿದ್ರು. ಏಪ್ರಿಲ್ 26ಕ್ಕೆ ಅದೇ ಬೆಂಗಳೂರಲ್ಲಿ ಎಲ್ವೆರಾ ಬ್ರಿಟ್ಟೊ ಅನ್ನೋ 81 ವರ್ಷದ ಹೆಣ್ಮಗಳು ತೀರಿಕೊಂಡ್ರು. ಕ್ರೀಡಾಕೂಟದ ಸುದ್ದಿಗೆ ದೊಡ್ಡ ಜಾಗ, ಆಯಮ್ಮನ ಸುದ್ದಿಗೆ ನಮ್ಮನೆಗೆ ಬರೋ ಪೇಪರಲ್ಲಿ ಅಂಗೈಯಗಲ ಜಾಗ. ಆದ್ರೆ ಆ ಹುಡುಗೀರು ಆಡೋ ಆಟಕ್ಕೆ ನಮ್ಮ ರಾಜ್ಯದಲ್ಲಿ ಮೊದಲು ಹೆಸರು ತಂದವರಲ್ಲಿ ಆಯಮ್ಮ ಮುಂದಿನ ಸಾಲಿನವರು.

ಆಗಿನ್ನೂ ನಮ್ಮದು ಮೈಸೂರು ರಾಜ್ಯ, ಕರ್ನಾಟಕ ಅಂತ ಹೆಸರಾಗಿದ್ದು 1973ರಲ್ಲಿ. 1960ರಿಂದ 1967ರ ನಡುವೆ ಮೈಸೂರು ಮಹಿಳಾ ತಂಡ ಏಳು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತ್ತು. ಏಳು ಸಲ ಕಣ್ರಮ್ಮ! ಎಲ್ವೆರಾ ಅದರ ನಾಯಕಿ. ಅವರ ಜೊತೆಗೆ ಆಡಿದ ರೀಟಾ, ಮೇ ಅನ್ನೋರು ಒಡಹುಟ್ಟಿದ ಅಕ್ಕತಂಗೇರು. ಒಂದೇ ಮನೆಯ ಮೂರು ಹೆಣ್ಮಕ್ಕಳು ಒಂದೇ ತಂಡದಲ್ಲಿ. ಎಲ್ವೆರಾ ದೇಶದ ಪರವಾಗಿ ಆಸ್ಟ್ರೇಲಿಯಾ, ಜಪಾನ್, ಶ್ರೀಲಂಕಾ ವಿರುದ್ಧ ಆಡಿ 1965ರಲ್ಲಿ ಅರ್ಜುನ ಪ್ರಶಸ್ತಿ ತಗೊಂಡ್ರು. ಹಾಕಿ ಆಡೋ ಹೆಂಗಸರಲ್ಲಿ ಅವರಿಗಿಂತ ಮೊದಲು ಅದು ಸಿಕ್ಕಿದ್ದು ಬಂಗಾಳದ ಆ್ಯನ್ ಲಮ್ಸ್‌ಡೆನ್ ಒಬ್ರಿಗೇ, 1961ರಲ್ಲಿ.

ಹೆಸರುಗಳು ನೋಡ್ರಿ. ಬ್ರಿಟ್ಟೊ, ಲಮ್ಸ್‌ಡೆನ್. ಆ ಕಾಲಕ್ಕೆ ಹೆಣ್ಮಕ್ಕಳ ಹಾಕಿ ಅಂದ್ರೆ ಹೆಚ್ಚಾಗಿ ದಂಡು ಪ್ರದೇಶದ ಆಟ, ಕಾನ್ವೆಂಟಿನ ಆಟ, ರೈಲ್ವೆ ಕಾಲೊನಿಯ ಆಟ. ಬ್ರಿಟಿಷ್ ಸೈನ್ಯದ ಜೊತೆ ಬಂದಿದ್ದು, ಅವರು ಇದ್ದ ಕಡೆ ಉಳ್ಕೊಂಡಿತ್ತು. ಆಂಗ್ಲೋ ಇಂಡಿಯನ್ ಮನೆಗಳಲ್ಲಿ, ಕ್ರೈಸ್ತರ ಮನೆಗಳಲ್ಲಿ ಹುಡುಗಿ ಮೊಣಕಾಲುದ್ದದ ಸ್ಕರ್ಟ್ ಹಾಕಿ ಮೈದಾನಕ್ಕಿಳಿದ್ರೆ ಯಾರೂ ಬಾಯಿ ಮೇಲೆ ಕೈ ಇಟ್ಕೊಳ್ತಿರ್ಲಿಲ್ಲ. ನಮ್ಮ ಕಡೆ? ನಾನು ಹೈಸ್ಕೂಲಲ್ಲಿದ್ದಾಗ ಹುಡುಗೀರಿಗೆ ಖೋಖೋ, ತ್ರೋಬಾಲ್, ರಿಂಗು, ಅಷ್ಟೇ. ಅದೂ ಉದ್ದ ಲಂಗ ಎತ್ತಿ ಸೊಂಟಕ್ಕೆ ಸಿಗಿಸ್ಕೊಂಡು ಓಡ್ತಿದ್ವಿ. ದೊಡ್ಡವಳಾದ ಮೇಲೆ ಅದೂ ನಿಂತೋಯ್ತು. ಹಾಕಿ ಸ್ಟಿಕ್ ನಾನು ಕಣ್ಣಾರೆ ನೋಡಿದ್ದೇ ಮದುವೆ ಆದ್ಮೇಲೆ.

ಇನ್ನೊಂದು ವಿಷಯ ನನಗೆ ಈ ತುಂಡುಗಳನ್ನ ಜೋಡಿಸಿ ಓದುವಾಗ ಹೊಳೀತು. ಹಳೇ ಕಾಲದ ಹಾಕಿ ಪೂರಾ ಒಡಹುಟ್ಟಿದವರ ಆಟ. ಬೆಂಗಳೂರಲ್ಲಿ ಬ್ರಿಟ್ಟೊ ಅಕ್ಕತಂಗೇರು. ಪಂಜಾಬಲ್ಲಿ ಸೈನಿ ಅಕ್ಕತಂಗೇರು, ಅವರಲ್ಲಿ ರೂಪಾ ಸೈನಿ 1980ರ ಮಾಸ್ಕೊ ಒಲಿಂಪಿಕ್ಸಿಗೆ ಹೋದೋರು. ಸ್ವಾತಂತ್ರ್ಯ ಬಂದ ಮೇಲೆ ಆಂಗ್ಲೋ ಇಂಡಿಯನ್ನರು ಎಷ್ಟೋ ಮಂದಿ ಆಸ್ಟ್ರೇಲಿಯಾದ ಪರ್ತ್ ಊರಿಗೆ ಹೋಗಿ ನೆಲೆ ನಿಂತ್ರು. ಹಂಗೆ ಇಲ್ಲಿಂದ ಹೋದ ಪಿಯರ್ಸ್ ಅನ್ನೋ ಮನೆತನದ ಐದು ಜನ ಅಣ್ಣತಮ್ಮಂದಿರು ಆಸ್ಟ್ರೇಲಿಯಾ ತಂಡಕ್ಕೇ ಆಡಿದ್ರು! ಮನೇಲಿ ಅಕ್ಕ ಆಡ್ತಿದ್ರೆ ತಂಗಿ ಆಡ್ತಾಳೆ. ಅಕ್ಕನ ಹಳೇ ಸ್ಟಿಕ್ಕು ತಂಗಿಗೆ, ಅಕ್ಕನ ಜೊತೆ ಹೋಗಿ ಅಕ್ಕನ ಜೊತೆ ಬರ್ತಾಳೆ, ಅಪ್ಪ ಅಮ್ಮನಿಗೂ ಭಯ ಇಲ್ಲ. ಹಂಗಾದ್ರೆ ಅಕ್ಕ ಇಲ್ಲದ ಹುಡುಗಿ, ಹಾಕಿ ಗೊತ್ತಿಲ್ಲದ ಊರಿನ ಹುಡುಗಿ ಏನ್ ಮಾಡ್ಬೇಕು? ಅಂಥೋಳಿಗೆ ಆಗ ದಾರೀನೇ ಇರ್ಲಿಲ್ಲ.

ಗಂಡುಮಕ್ಕಳಿಗೆ ದಾರಿ ಇತ್ತು. ಕೊಡಗಿನ ಕತೆ ನೋಡಿ. ಮೊಳ್ಳೇರ ಗಣೇಶ್, ಎಂ.ಪಿ. ಗಣೇಶ್ ಅಂದ್ರೆ ಎಲ್ರಿಗೂ ಗೊತ್ತಾಗುತ್ತೆ, ಸೈನ್ಯ ಸೇರಿ ಅಲ್ಲಿಂದ ಭಾರತ ತಂಡಕ್ಕೆ ಬಂದೋರು. 1972ರ ಮ್ಯೂನಿಕ್ ಒಲಿಂಪಿಕ್ಸಲ್ಲಿ ಕಂಚು, 1973ರ ವಿಶ್ವಕಪ್ಪಲ್ಲಿ ಅವರೇ ನಾಯಕ, ಬೆಳ್ಳಿ ಬಂತು. 2020ರಲ್ಲಿ ಪದ್ಮಶ್ರೀನೂ ಬಂತು. ಸೋಮವಾರಪೇಟೆಯ ಬಿ.ಪಿ. ಗೋವಿಂದ 1975ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ರು. ಎಂ.ಎಂ. ಸೋಮಯ್ಯ 1980ರ ಮಾಸ್ಕೊ ಚಿನ್ನದ ತಂಡದಲ್ಲಿದ್ರು, 1988ರಲ್ಲಿ ನಾಯಕರಾದ್ರು, ಪೆಟ್ರೋಲಿಯಂ ಕಂಪನಿಯಲ್ಲಿ ಕೆಲಸ. ಹುಡುಗ ಆಡಿದ್ರೆ ಸೈನ್ಯ ಕರೀತಿತ್ತು, ಬ್ಯಾಂಕು ಕರೀತಿತ್ತು, ಏರ್ ಇಂಡಿಯಾ ಕರೀತಿತ್ತು. ಓದು ಅರ್ಧಕ್ಕೆ ನಿಂತ್ರೂ ಸ್ಟಿಕ್ಕೇ ಅನ್ನ ಹಾಕ್ತಿತ್ತು. ಹುಡುಗಿಗೆ ಸೈನ್ಯದ ಬಾಗಿಲು ಇಲ್ಲ. ಹೈಸ್ಕೂಲು ಮುಗಿದ್ರೆ ಆಟ ಮುಗೀತು, ಗಂಡು ನೋಡೋಕೆ ಶುರು.

ಕೊಡಗಲ್ಲಿ ಇನ್ನೊಂದು ಚೆಂದದ ವಿಷಯ ಐತೆ, ಹೇಳದೆ ಮುಂದೆ ಹೋಗಲ್ಲ. 1997ರಲ್ಲಿ ಕರಡ ಅನ್ನೋ ಹಳ್ಳಿಯಲ್ಲಿ ಪಾಂಡಂಡ ಕುಟ್ಟಪ್ಪ ಅನ್ನೋರು ಕೊಡವ ಮನೆತನಗಳ ಹಾಕಿ ಹಬ್ಬ ಶುರು ಮಾಡಿದ್ರು. ಒಂದೊಂದು ಮನೆತನ ಒಂದೊಂದು ತಂಡ. ಮೊದಲ ವರ್ಷ 60 ತಂಡ, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಆಡಿ ಗಿನ್ನೆಸ್ ದಾಖಲೆ ಆಯ್ತು. ಆ ತಂಡಗಳಲ್ಲಿ ಅಪ್ಪ, ಮಗಳು, ಅತ್ತೆ, ಸೊಸೆ ಒಟ್ಟಿಗೆ ಆಡ್ತಾರಂತೆ. ನಮ್ಮ ಕಡೆ ಅತ್ತೆ ಸೊಸೆ ಒಂದೇ ತಂಡಕ್ಕೆ ಆಡೋದನ್ನ ನೆನೆಸ್ಕೊಳ್ರಿ! ಪಾಸ್ ಕೊಡ್ತಾರೋ ಇಲ್ವೋ. ಅಲ್ಲಿನ ಹುಡುಗೀಗೆ ಹಾಕಿ ಅಂದ್ರೆ ಮನೆ ಸಾಮಾನು ಇದ್ದ ಹಾಗೆ. ಆದ್ರೆ ಅದು ಮನೆತನದ ಆಟ, ಒಂಥರಾ ಅಕ್ಕತಂಗಿ ಕತೆಯೇ ಸ್ವಲ್ಪ ದೊಡ್ಡದು. ಹುಬ್ಬಳ್ಳಿ ಸೆಟ್ಲಮೆಂಟು, ಗದಗ ಬೆಟಗೇರಿ ಸೆಟ್ಲಮೆಂಟಲ್ಲೂ ಹಂಗೇ, ಓಣಿ ಓಣಿಯೇ ಆಡುತ್ತೆ. ನಮ್ಮ ದುರ್ಗದ ಹುಡುಗಿಗೆ ಅಂಥ ಮನೇನೂ ಇಲ್ಲ, ಅಂಥ ಓಣೀನೂ ಇಲ್ಲ.

ಅಂಥೋಳಿಗೆ ದಾರಿ ಆಗಿದ್ದು ಸರ್ಕಾರದ ಕ್ರೀಡಾ ಹಾಸ್ಟೆಲು. ಕ್ರೀಡಾ ಇಲಾಖೆಯೋರು ಜಿಲ್ಲೆ ಜಿಲ್ಲೆಯಲ್ಲಿ ಸೆಲೆಕ್ಷನ್ ಇಡ್ತಾರೆ. ಮಕ್ಕಳ ಎತ್ತರ, ತೂಕ ನೋಡ್ತಾರೆ, ಓಡಿಸ್ತಾರೆ, ಜಿಗಿಸ್ತಾರೆ. ಆಯ್ಕೆ ಆದೋರಿಗೆ ಊಟ, ವಸತಿ, ಸ್ಕೂಲು, ತರಬೇತಿ ಎಲ್ಲ ಸರ್ಕಾರದ್ದೇ. ಹಾಕಿಗೆ ಕೊಡಗಿನ ಕೂಡಿಗೆ, ಪೊನ್ನಂಪೇಟೆ ಹೆಸರುವಾಸಿ, ಮಡಿಕೇರಿಯಲ್ಲಿ ಕೇಂದ್ರ ಸರ್ಕಾರದ ಸಾಯ್ ಕೇಂದ್ರ ಐತೆ. ನಮ್ಮ ತಮ್ಮನ ಮಗಳು ಏಳನೇ ಕ್ಲಾಸಲ್ಲಿ ಓಟಕ್ಕೆ ಅಂತ ಹೋದೋಳು. ಓಡೋದು ನೋಡಿ ಯಾರೋ ಸರ್ ಅವಳ ಕೈಗೆ ಸ್ಟಿಕ್ ಕೊಟ್ರು. ಎಂಟನೇ ಕ್ಲಾಸಿಗೆ ಹೊರಜಿಲ್ಲೆ ಹಾಸ್ಟೆಲು. ಬಿಟ್ಟು ಬರೋ ದಿನ ನಮ್ಮ ತಮ್ಮನ ಹೆಂಡ್ತಿ ಬಸ್ಸಲ್ಲಿ ಹಿರಿಯೂರು ದಾಟೋವರೆಗೂ ಮಾತಾಡ್ಲಿಲ್ಲ. ಹುಡುಗಿ ಕಿಟಕಿ ಪಕ್ಕ ಕೂತು ಶೇಂಗಾ ತಿಂತಿತ್ತು.

ಚಂದ್ರವಳ್ಳಿ ಕೆರೆ ಕಡೆ ಬೆಳಿಗ್ಗೆ ವಾಕಿಂಗ್ ಹೋಗೋರೆಲ್ಲ ಅಲ್ಲಿನ ಬಂಡೆಗಲ್ಲಿನ ಶಾಸನ ನೋಡಿರ್ತೀರಿ. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನ ಬರೆಸಿದ್ದು. ಆತ ತಾತನ ಜೊತೆ ಕಂಚಿಗೆ ವೇದ ಓದೋಕೆ ಹೋಗಿ, ಅಲ್ಲಿ ಅವಮಾನ ಆಗಿ, ಕತ್ತಿ ಹಿಡಿದು ರಾಜ ಆದ ಅಂತ ತಾಳಗುಂದದ ಶಾಸನ ಹೇಳುತ್ತೆ. ನಮ್ಮ ತಮ್ಮ ಇದನ್ನೇ ಹಿಡ್ಕೊಂಡು, "ನನ್ನ ಮಗಳೂ ಓದೋಕೆ ಹೋಗಿ ಕೋಲು ಹಿಡಿದು ಬಂದ್ಲು ಬಿಡಕ್ಕಾ" ಅಂತಾನೆ. ಇರ್ಲಿ, ಅವನ ತಮಾಷೆ ಅವನಿಗೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಹಾಸ್ಟೆಲು ಹುಡುಗೀನ ಹದಿನೇಳು ಹದಿನೆಂಟರವರೆಗೆ ತಂದು ನಿಲ್ಸುತ್ತೆ. ಜೂನಿಯರ್ ತಂಡ ಅಂದ್ರೆ 21 ವರ್ಷದೊಳಗಿನೋರು. ಅಂದ್ರೆ ಪಿಯುಸಿ ಮುಗಿಯೋ ಹೊತ್ತಿಗೆ ಆಟ ಮಾಗೋಕೆ ಶುರು ಆಗಿರುತ್ತೆ ಅಷ್ಟೇ, ಇನ್ನೂ ಮೂರ್ನಾಲ್ಕು ವರ್ಷ ಬೇಕು. ಸರಿಯಾಗಿ ಅದೇ ಹೊತ್ತಿಗೆ ಮನೇಲಿ ಸಂಬಂಧದ ಮಾತು ಏಳುತ್ತೆ. ನಾನು ಪೇಪರಲ್ಲಿ ಹಿಂಬಾಲಿಸ್ಕೊಂಡು ಬಂದ ಹುಡುಗೀರ ಹೆಸರಲ್ಲಿ ಎಷ್ಟೋ ಹೆಸರು ಕಾಣೆ ಆಗಿದ್ದು ಇದೇ ತಿರುವಲ್ಲಿ. ಪಿಯು ರಾಜ್ಯಮಟ್ಟದಲ್ಲಿ ಗೋಲು ಹೊಡೆದಿದ್ದು ಕತ್ತರಿಸಿ ಅಂಟಿಸಿದ್ದೀನಿ, ಮುಂದಿನ ವರ್ಷ ಅವಳ ಹೆಸರೇ ಇಲ್ಲ. ಕಾಲೇಜು ತಂಡಕ್ಕೆ ಸೇರಿದ ಹುಡುಗಿ ಮಾತ್ರ ಇನ್ನೂ ನಾಲ್ಕು ವರ್ಷ ಸಿಗ್ತಾಳೆ.

ಅಮೆರಿಕದಲ್ಲಿ ಈ ಆಟ ಉಲ್ಟಾ ದಾರಿಯಲ್ಲಿ ಬಂತಂತೆ, ಅದು ನನಗೆ ಭಾಳ ಇಷ್ಟವಾದ ಕತೆ. 1901ರಲ್ಲಿ ಕಾನ್ಸ್‌ಟನ್ಸ್ ಆ್ಯಪಲ್‌ಬಿ ಅನ್ನೋ ಇಂಗ್ಲೆಂಡಿನ ಹೆಣ್ಮಗಳು ಅಲ್ಲಿಗೆ ಹೋಗಿ, ಹುಡುಗೀರ ಕಾಲೇಜಿಂದ ಕಾಲೇಜಿಗೆ ಓಡಾಡಿ ಹಾಕಿ ಕಲಿಸಿದ್ಲು. ಅದಕ್ಕೇ ಅಲ್ಲಿ ನೆಲದ ಮೇಲೆ ಆಡೋ ಹಾಕಿ ಅಂದ್ರೆ ಇವತ್ತಿಗೂ ಹೆಣ್ಮಕ್ಕಳ ಆಟ. ಗಂಡಸರು ಐಸ್ ಮೇಲೆ ಆಡೋ ಹಾಕಿ ಬೇರೆ. 1972ರಲ್ಲಿ ಒಂದು ಕಾನೂನು ಬಂದು, ಸರ್ಕಾರದ ದುಡ್ಡು ತಗೊಳ್ಳೋ ಕಾಲೇಜು ಹೆಣ್ಣು ಗಂಡು ಅಂತ ಭೇದ ಮಾಡಂಗಿಲ್ಲ ಅಂದ ಮೇಲೆ ಆಡೋ ಹುಡುಗೀರಿಗೆ ವಿದ್ಯಾರ್ಥಿವೇತನ ಹೆಚ್ಚಾಯ್ತು. ಆ್ಯಪಲ್‌ಬಿ 107 ವರ್ಷ ಬದುಕಿದ್ಲು, ಅದನ್ನೂ ನೋಡೇ ಹೋದ್ಲು. ಅಲ್ಲಿ ಕಾಲೇಜು ಮೊದಲು, ಆಟ ಆಮೇಲೆ. ನಮ್ಮಲ್ಲಿ ಆಟ ಕಲಿತು ಕಾಲೇಜಿನ ಬಾಗಿಲು ತಟ್ಟಬೇಕು.

ಆ ಬಾಗಿಲು ಹೆಂಗೆ ತೆಗೆಯುತ್ತೆ ಅಂದ್ರೆ, ಪಿಯು ರಾಜ್ಯಮಟ್ಟದ ಪಂದ್ಯ, ಮೈಸೂರು ದಸರಾ ಕ್ರೀಡಾಕೂಟ ಇಂಥ ಕಡೆ ಕಾಲೇಜುಗಳ ಫಿಸಿಕಲ್ ಡೈರೆಕ್ಟರುಗಳು ಬಂದು ಕೂತಿರ್ತಾರೆ. ನೋಟ್‌ಬುಕ್ಕಲ್ಲಿ ಜರ್ಸಿ ನಂಬರ್ ಬರ್ಕೊಳ್ತಾರೆ. ಆಮೇಲೆ ಕೋಚಿಗೆ ಫೋನು, ಕೋಚಿಂದ ಅಪ್ಪನಿಗೆ ಫೋನು. ಫೀಸಿಲ್ಲ, ಹಾಸ್ಟೆಲು ಫ್ರೀ, ಊಟ ಫ್ರೀ ಅಂತಾರೆ. ಅಲ್ಲಿಗೆ ಸೇರಿದ್ರೆ ಮೊದಲು ಕಾಲೇಜು ಕಾಲೇಜಿನ ನಡುವೆ ಪಂದ್ಯ. ಅದರಲ್ಲಿ ಚೆನ್ನಾಗಿ ಆಡಿದೋರನ್ನ ವಿಶ್ವವಿದ್ಯಾಲಯ ತಂಡಕ್ಕೆ ತಗೊಳ್ತಾರೆ. ಆಮೇಲೆ ದಕ್ಷಿಣ ವಲಯ, ಅಲ್ಲಿ ಮುಂದೆ ಬಂದ್ರೆ ಅಖಿಲ ಭಾರತ. ಆ ಸರ್ಟಿಫಿಕೇಟು ಬರೀ ಗೋಡೆಗೆ ಹಾಕೋದಲ್ಲ. ರೈಲ್ವೆಯೋರು ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ತಗೊಳ್ಳುವಾಗ ಆಟದ ಮಟ್ಟ ಕೇಳ್ತಾರೆ. ದೇಶದ ಮಹಿಳಾ ಹಾಕಿ ನೋಡಿ, ವರ್ಷ ವರ್ಷವೂ ರೈಲ್ವೆ ತಂಡವೇ ಗಟ್ಟಿ. ಸೈನ್ಯ ಗಂಡುಮಕ್ಕಳಿಗೆ ಆಗ ಏನಾಗಿತ್ತೋ ರೈಲ್ವೆ ಹೆಣ್ಮಕ್ಕಳಿಗೆ ಅದಾಯ್ತು. ನಡುವಿನ ಸೇತುವೆ ಕಾಲೇಜು.

ಅದು ಇಲ್ಲದೆ ಹೋದ್ರೆ ದೇಶಕ್ಕೆ ಏನಾಗುತ್ತೆ ಅನ್ನೋದಕ್ಕೂ ಲೆಕ್ಕ ಐತೆ. ಹೆಂಗಸರ ಹಾಕಿ ಮೊದಲ ಸಲ ಒಲಿಂಪಿಕ್ಸಿಗೆ ಬಂದಿದ್ದು 1980ರ ಮಾಸ್ಕೊದಲ್ಲಿ, ನಮ್ಮೋರು ನಾಲ್ಕನೇ ಸ್ಥಾನ. 1982ರ ದೆಹಲಿ ಏಷ್ಯನ್ ಗೇಮ್ಸಲ್ಲಿ ಚಿನ್ನ. ಅಷ್ಟು ಆದ್ಮೇಲೂ ಮತ್ತೆ ಒಲಿಂಪಿಕ್ಸಿಗೆ ಹೋಗೋಕೆ 36 ವರ್ಷ ಬೇಕಾಯ್ತು, 2016ರ ರಿಯೊಗೆ. ಕಾರಣ ಒಂದೇ ಅಲ್ಲ ಬಿಡಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿಂದ ಆಟ ಹುಲ್ಲಿನ ಮೇಲಿಂದ ಟರ್ಫಿಗೆ ಹೋಯ್ತು. ನಮ್ಮ ಮಕ್ಕಳು ಮಣ್ಣಲ್ಲಿ ಕಲಿತು ಟರ್ಫಲ್ಲಿ ಆಡ್ಬೇಕು. ಟರ್ಫ್ ಅಂದ್ರೆ ಕೋಟಿಗಟ್ಟಲೆ ದುಡ್ಡು. ಅದಕ್ಕೆ ನೀರು ಬೇರೆ ಹಾಯಿಸ್ಬೇಕು. ನಮ್ಮ ಜಿಲ್ಲೆಯಲ್ಲಿ ಕುಡಿಯೋಕೆ ನೀರಿಲ್ಲದ ವರ್ಷಗಳು ನೋಡಿರೋ ನನಗೆ ಇದು ಗಂಟಲಲ್ಲಿ ಇಳಿಯೋದು ಕಷ್ಟ. ಆದ್ರೂ ಆಟ ಈಗ ಇರೋದು ಅಲ್ಲೇ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಚಿಕ್ಕವರಿದ್ದಾಗ ಸ್ಟಿಕ್ ಕೊಳ್ಳೋಕಾಗದೆ ಬಿದಿರಿನ ಕೋಲಲ್ಲಿ ಆಡಿದೋರು, ಬಡಗಿಯ ಮಗ, 2014ರ ಏಷ್ಯನ್ ಗೇಮ್ಸ್ ಚಿನ್ನದ ತಂಡದಲ್ಲಿದ್ರು. ಬಿದಿರಿಂದ ಶುರು ಮಾಡ್ಬಹುದು, ಆದ್ರೆ ಬಿದಿರಲ್ಲೇ ಮುಗಿಸೋಕಾಗಲ್ಲ.

2021ರ ಆಗಸ್ಟಲ್ಲಿ ಟೋಕಿಯೊ ಪಂದ್ಯ ನೋಡಿದ್ದು ನೆನಪೈತಾ? ಕ್ವಾರ್ಟರ್ ಫೈನಲ್ಲಲ್ಲಿ ಆಸ್ಟ್ರೇಲಿಯಾದೋರನ್ನ ಒಂದೇ ಗೋಲಿಂದ ಸೋಲಿಸಿದ ದಿನ ನಮ್ಮನೇಲಿ ಅನ್ನ ತಳ ಹಿಡೀತು, ಯಾರೂ ಎದ್ದು ಹೋಗ್ಲಿಲ್ಲ. ಕೊನೆಗೆ ಬ್ರಿಟನ್ ಮೇಲೆ 4-3ರಿಂದ ಸೋತು ಮತ್ತೆ ನಾಲ್ಕನೇ ಸ್ಥಾನ. ಆ ತಂಡ ತಯಾರಾಗಿದ್ದು ನಮ್ಮ ಬೆಂಗಳೂರಿನ ಸಾಯ್ ಕೇಂದ್ರದಲ್ಲೇ. ಹನ್ನೊಂದು ಜನ ಆಡೋರಲ್ಲಿ ನಮ್ಮ ರಾಜ್ಯದ ಹುಡುಗಿ ಒಬ್ಬಳೂ ಇರ್ಲಿಲ್ಲ ಅನ್ನೋದು ನನಗೆ ಆಮೇಲೆ ಹೊಳೆದು ಹೊಟ್ಟೆ ಉರೀತು. ಏಳು ಸಲ ಗೆದ್ದ ರಾಜ್ಯ ಕಣ್ರಮ್ಮ ನಮ್ಮದು.

ಪುಕ್ಕಟೆ ಸೀಟಿನ ಆಸೆಗೆ ಸೇರಿಸ್ತೀನಿ ಅಂದೋರಿಗೆ ಒಂದು ಮಾತು. ಪುಕ್ಕಟೆ ಅನ್ನೋದು ಬಾಯಿ ಮಾತಲ್ಲಿ ಇರುತ್ತೆ, ಕಾಗದದಲ್ಲಿ ಇರ್ಬೇಕು. ನಮ್ಮ ಪರಿಚಯದ ಒಬ್ಬ ಹುಡುಗಿಗೆ ಎರಡನೇ ವರ್ಷ ಮೊಣಕಾಲಿನ ಲಿಗಮೆಂಟ್ ಹರೀತು. ಆರು ತಿಂಗಳು ಮೈದಾನಕ್ಕೆ ಇಳೀಲಿಲ್ಲ. ಕಾಲೇಜಿನೋರು ಹಾಸ್ಟೆಲ್ ಫೀಸು ಕಟ್ಟು ಅಂದ್ರು. ಯಾವ ಕಾಲೇಜು ಅಂತ ಇಲ್ಲಿ ಬರೆಯಲ್ಲ. ಅವಳಪ್ಪ ಬೀದಿಬದಿ ಹೂವು ಮಾರೋನು. ಎಲ್ಲಿಂದ ತರ್ತಾನೆ? ಹುಡುಗಿ ವಾಪಸ್ ಬಂದ್ಲು, ಓದೂ ಹೋಯ್ತು ಆಟಾನೂ ಹೋಯ್ತು. ಒಂದೂವರೆ ಹಿಡಿ ತೂಕದ ಚೆಂಡು ಅಂತ ಅನ್ಕೋಬೇಡಿ, 160 ಗ್ರಾಂ ಆಸುಪಾಸು ಗಟ್ಟಿ ಚೆಂಡು, ಕಲ್ಲಿನ ಥರ ಬರುತ್ತೆ. ಹಲ್ಲಿಗೆ ಗಾರ್ಡು, ಕಾಲಿಗೆ ಗಾರ್ಡು, ಟರ್ಫ್ ಶೂ, ಒಳ್ಳೇ ಸ್ಟಿಕ್ಕು ಅಂದ್ರೆ ಎಲ್ಲಾ ಸಾವಿರಗಳ ಲೆಕ್ಕ, ವರ್ಷಕ್ಕೊಂದು ಸಲ ಸವೆಯುತ್ತೆ. ಇದನ್ನ ಯಾರು ಕೊಡ್ತಾರೆ, ಏಟಾದ್ರೆ ಯಾರು ನೋಡ್ತಾರೆ, ಪಂದ್ಯಕ್ಕೆ ಹೋದ ದಿನದ ಹಾಜರಾತಿ ಏನು, ಪರೀಕ್ಷೆ ತಪ್ಪಿದ್ರೆ ಏನು, ಹುಡುಗೀರ ಜೊತೆ ಹೆಣ್ಮಗಳು ಮ್ಯಾನೇಜರ್ ಹೋಗ್ತಾಳಾ, ಇಷ್ಟು ಕೇಳ್ದೆ ಸಹಿ ಹಾಕ್ಬೇಡ್ರಿ. ಕೇಳೋಕೆ ಅಪ್ಪಂದಿರು ನಾಚ್ಕೊಳ್ತಾರೆ. ನಾವು ಕೇಳಣ.

ನಮ್ಮ ಹುಡುಗೀಗೆ ಮೂರು ಕಾಲೇಜಿಂದ ಫೋನ್ ಬಂದಿತ್ತು. ಒಂದು ಹತ್ರದ್ದು, ಆದ್ರೆ ಅಲ್ಲಿ ಹುಡುಗೀರ ತಂಡಕ್ಕೆ ಹನ್ನೊಂದು ಜನ ಸೇರಿಸೋದೇ ಕಷ್ಟ, ಗೋಲ್‌ಕೀಪರ್ ಇಲ್ಲ. ನಮ್ಮ ತಮ್ಮನ ಹೆಂಡ್ತಿಗೆ ಅದೇ ಬೇಕಿತ್ತು, ವಾರಕ್ಕೊಂದ್ಸಲ ಮಗಳ ಮುಖ ನೋಡ್ಬಹುದು ಅಂತ. ಇನ್ನೊಂದು ದೊಡ್ಡ ಹೆಸರಿಂದು, ಕಾಗದದಲ್ಲಿ ಕೊಡಿ ಅಂದ ಮೇಲೆ ಅವರ ಫೋನೇ ಬರ್ಲಿಲ್ಲ. ಮೂರನೇದು ಬೆಂಗಳೂರಿಂದು. ಟರ್ಫ್ ಮೈದಾನಕ್ಕೆ ಬೆಳಿಗ್ಗೆ ಐದೂವರೆಗೆ ಕಾಲೇಜಿನದೇ ವ್ಯಾನು ಐತೆ, ಮೂರು ವರ್ಷದ್ದೂ ಬರೆದು ಕೊಟ್ಟವ್ರೆ, ಏಟಾದ್ರೂ ಸೀಟು ಹಾಸ್ಟೆಲು ಉಳಿಯುತ್ತೆ ಅಂತ ಅದರಲ್ಲೇ ಐತೆ. ಎರಡು ರಾತ್ರಿ ಮನೇಲಿ ಮಾತಾಯ್ತು. ಅವಳ ಅಜ್ಜಿ, ನಮ್ಮಮ್ಮ, ಎಂಬತ್ತಕ್ಕೆ ಹತ್ರ ಆದೋಳು, ಅಲ್ಲೀತಂಕ ಒಂದು ಮಾತಾಡಿರ್ಲಿಲ್ಲ. ಕೊನೆಗೆ "ಅವಳ್ನ ಕೇಳಿದ್ರೇನ್ರೋ?" ಅಂದ್ಲು. ಕೇಳಿದ್ವಿ. "ಗೋಲ್‌ಕೀಪರ್ ಇರೋ ತಂಡಕ್ಕೆ ಹೋಗ್ತೀನಿ ಅತ್ತೆ" ಅಂದ್ಲು ನನ್ನ ಕಡೆ ತಿರುಗಿ.

ಬೆಂಗಳೂರೇ ಗೊತ್ತಾಯ್ತು. ಜುಲೈ ಮೊದಲ ವಾರ ಸೇರಿಸ್ಬೇಕು, ತಮ್ಮನ ಹೆಂಡ್ತಿ ಜೊತೆ ನಾನೂ ಹೋಗ್ತಿದ್ದೀನಿ. ಚಟ್ನಿಪುಡಿ, ಖಡಕ್ ರೊಟ್ಟಿ, ಎರಡು ಬಾಟ್ಲಿ ಉಪ್ಪಿನಕಾಯಿ ಕಟ್ಟಿಟ್ಟಿದ್ದೀನಿ. ಶಿನ್ ಗಾರ್ಡಿನ ಪಟ್ಟಿ ಕಿತ್ತೋಗಿತ್ತು, ಅದನ್ನ ನಾನೇ ಮಿಷನ್ನಲ್ಲಿ ಹೊಲಿದೆ. ಗಟ್ಟಿ ಸೂಜಿ, ಹದಿನೆಂಟರದ್ದು ಹಾಕಿದ್ರೆ ಹೊಲಿಗೆ ಬರುತ್ತೆ, ಸಣ್ಣದು ಮುರಿಯುತ್ತೆ.